ರೇಡಿಯೇಟರ್ ದಪ್ಪ ಇದ್ದರೆ ಸಾಕಾ?

ಹೋದ ಬೇಸಿಗೇಲಿ ಹಂದನಕೆರೆಯ ನಮ್ಮ ತೆಂಗಿನ ತೋಟದಲ್ಲಿ ರೋಟವೇಟರ್ ಹೊಡೀತಿದ್ದ ಟ್ರ್ಯಾಕ್ಟರ್ ಕಾದು, ನೀರು ಕುದ್ದು ನಿಂತೇಬಿಡ್ತು. 'ದಪ್ಪನೆ ರೇಡಿಯೇಟರ್ ಹಾಕ್ಸಣ ಬಿಡು' ಅಂದ್ರು ಅಪ್ಪ. ಓದಿದ್ದು ಮೆಕ್ಯಾನಿಕಲ್, ಮಾಡೋದು ಸಾಫ್ಟ್‌ವೇರ್, ನಾನೂ ತಲೆಯಾಡಿಸಿದೆ.

ರಾತ್ರಿ ನೆನಪಾಗಿದ್ದು ಹಂಸ-ಎನ್‌ಜಿ. ಬೆಂಗಳೂರಿನ ಎನ್‌ಎಎಲ್ ರೂಪಿಸಿ, 2021ರ ಸೆಪ್ಟೆಂಬರ್‌ನಲ್ಲಿ ಮೊದಲು ಹಾರಿಸಿದ ಎರಡು ಸೀಟಿನ ತರಬೇತಿ ವಿಮಾನ. ಅದರ ರೋಟ್ಯಾಕ್ಸ್ ಎಂಜಿನ್‌ನ ಸಿಲಿಂಡರ್ ಹೆಡ್‌ಗಳನ್ನೂ ತಣ್ಣಗಿಡೋದು ಕೂಲೆಂಟೇ. ಇಂಥ ವಿಮಾನಕ್ಕೆ ರೇಡಿಯೇಟರ್ ಅಗಲ ಮಾಡಿದರೆ ಹಾರಾಟಕ್ಕೆ ಅಡ್ಡಿ, ದಪ್ಪ ಮಾಡಿದರೆ ಒಳಗೆ ಗಾಳಿ ನುಗ್ಗೋದೇ ಕಷ್ಟ. ಕೂಲೆಂಟ್ 100 ಡಿಗ್ರಿ, ಗಾಳಿ 35 ಅಂದ್ಕೊಳ್ಳಿ. ಮುಂದಿನ ಸಾಲಿಗೆ 65 ಡಿಗ್ರಿ ವ್ಯತ್ಯಾಸ ಸಿಗುತ್ತೆ. ಅಲ್ಲೇ ಗಾಳಿ 70ಕ್ಕೆ ಕಾದರೆ ಹಿಂದಿನ ಸಾಲಿಗೆ ಉಳಿಯೋದು ಬರೀ 30. ದಪ್ಪ ಎರಡರಷ್ಟಾದರೂ ತಂಪು ಎರಡರಷ್ಟಾಗಲ್ಲ.

ಅಸಲಿ ಪರೀಕ್ಷೆ ವಿಮಾನ ಮೇಲೇರುವಾಗ: ಎಂಜಿನ್ ಪೂರ್ತಿ ದುಡೀತಿರುತ್ತೆ, ವೇಗ ಕಮ್ಮಿ, ಹಾಗಾಗಿ ಗಾಳಿಯೂ ಕಮ್ಮಿ. ರೋಟವೇಟರ್ ಎಳೆಯೋ ಟ್ರ್ಯಾಕ್ಟರಿನ ಪಾಡೂ ಅದೇ. ಅದಕ್ಕೆ ಗಾಳಿ ಕೊಡೋದು ಫ್ಯಾನ್ ಒಂದೇ.

ಬೆಳಿಗ್ಗೆ ನೋಡಿದರೆ ರೇಡಿಯೇಟರ್ ಸಂದೀಲೆಲ್ಲ ಧೂಳು, ಒಣಹುಲ್ಲು, ತೆಂಗಿನ ನಾರು. ಫ್ಯಾನ್ ಬೆಲ್ಟೂ ಸಡಿಲ. ತೊಳೆದು, ಬೆಲ್ಟ್ ಬಿಗಿ ಮಾಡಿದ್ವಿ. ಮಧ್ಯಾಹ್ನದವರೆಗೆ ಹೊಡೆದರೂ ಮುಳ್ಳು ಕೆಂಪಿಗೆ ಹೋಗಲಿಲ್ಲ.

'ದಪ್ಪಂದು ಹಾಕ್ಸಿದ್ರೆ ಏನಾಗ್ತಿತ್ತು' ಅಂತ ಅಪ್ಪ ಇವತ್ತಿಗೂ ಗೊಣಗ್ತಾರೆ.