ಎರೆನೆಲದ ಅಂಗಳದಲ್ಲಿ ದಾಸವಾಳ

ದಾಸವಾಳ ಬಹುವಾರ್ಷಿಕ ಪೊದೆ. ನೆಲ ಒಗ್ಗಿದರೆ ಹತ್ತಾರು ವರ್ಷ ಬಾಳುತ್ತದೆ. ಅದರ ಹೂವು ಮಾತ್ರ ಬೆಳಿಗ್ಗೆ ಅರಳಿ ಸಂಜೆಗೆ, ಹೆಚ್ಚೆಂದರೆ ಮರುದಿನಕ್ಕೆ, ಮುದುಡಿ ಬೀಳುತ್ತದೆ. ಹಾಗಾಗಿ ಅಂಗಳದಲ್ಲಿ ದಿನವೂ ಹೂ ಕಾಣಬೇಕಾದರೆ ಗಿಡ ಬಿಡುವಿಲ್ಲದೆ ಮೊಗ್ಗು ಕಟ್ಟುತ್ತಿರಬೇಕು. ಮೊಗ್ಗು ಹುಟ್ಟುವುದು ಹೊಸ ಚಿಗುರಿನ ಎಲೆಕಂಕುಳಲ್ಲಿ. ಚಿಗುರು ಒಡೆಯುವುದು ಬೇರು ಆರೋಗ್ಯವಾಗಿದ್ದಾಗ. ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನ ಸಾಲಗುಂದ, ಅದರ ಸುತ್ತಲಿನ ಮಸ್ಕಿ, ಲಿಂಗಸುಗೂರು ಸೀಮೆಯಲ್ಲಿ ದಾಸವಾಳ ಬೆಳೆಸುವವರು ಮೊದಲು ತಿಳಿಯಬೇಕಾದದ್ದು ಈ ಬೇರಿನ ಸಂಗತಿಯನ್ನೇ. ಇಲ್ಲಿನ ಬಿಸಿಲು ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ, ದಾಸವಾಳ ಅದನ್ನು ತಾಳಿಕೊಳ್ಳುತ್ತದೆ. ಬುಡದಲ್ಲಿ ನೀರು ನಿಂತರೆ ಮಾತ್ರ ತಾಳದು. ನೀರು ಹಿಡಿದಿಡುವುದು ಇಲ್ಲಿನ ಎರೆಮಣ್ಣಿನ ಹುಟ್ಟುಗುಣ.

ಕುಲ ಮತ್ತು ಬಳಗ

ಮನೆಯಂಗಳದ ಕೆಂಪು ದಾಸವಾಳಕ್ಕೆ ಹಿಬಿಸ್ಕಸ್ ರೋಸಾ-ಸೈನೆನ್ಸಿಸ್ ಎಂಬ ಹೆಸರನ್ನು 1753ರಲ್ಲಿ ಕೊಟ್ಟವನು ಸ್ವೀಡನ್ನಿನ ಸಸ್ಯವಿಜ್ಞಾನಿ ಕಾರ್ಲ್ ಲಿನೇಯಸ್. ಇದು ಮಾಲ್ವೇಸಿ ಕುಟುಂಬದ ಗಿಡ. ಹೊಲದ ಹತ್ತಿ, ತೋಟದ ಬೆಂಡೆ, ರಸ್ತೆ ಬದಿಯ ಹೂವರಸಿ ಮರ ಎಲ್ಲವೂ ಇದೇ ಬಳಗ. ಜೋಳದ ರೊಟ್ಟಿಯ ಜೊತೆ ಪಲ್ಯವಾಗುವ ಪುಂಡಿಯಂತೂ ಹಿಬಿಸ್ಕಸ್ ಕುಲಕ್ಕೇ ಸೇರಿದ್ದು. ಪುಂಡಿಯ ಹೂವನ್ನು ದಾಸವಾಳದ ಪಕ್ಕದಲ್ಲಿಟ್ಟರೆ ಈ ನಂಟು ಕಣ್ಣಿಗೇ ಕಾಣುತ್ತದೆ: ಐದು ಎಸಳು, ನಡುವೆ ಕೇಸರಗಳ ಕಂಬ, ಬುಡದಲ್ಲಿ ಪುಷ್ಪಪಾತ್ರೆಯ ಹೊರಗೆ ಕಿರು ಎಲೆಗಳ ಇನ್ನೊಂದು ಸುತ್ತು.

ಚಳಿದೇಶಗಳ ತೋಟಗಾರರು ‘ಗಟ್ಟಿ ದಾಸವಾಳ’ ಎಂದು ಹುಡುಕುವುದು ಬೇರೆ ಜಾತಿಗಳನ್ನು. ಉತ್ತರ ಅಮೆರಿಕದ ಜೌಗುನೆಲದ ಹಿಬಿಸ್ಕಸ್ ಮಾಸ್ಕ್ಯುಟಸ್ ಚಳಿಗಾಲದಲ್ಲಿ ನೆಲಮಟ್ಟಕ್ಕೆ ಒಣಗುತ್ತದೆ. ಬೇರು ಮಣ್ಣಿನೊಳಗೆ ಜೀವ ಹಿಡಿದಿದ್ದು ಬೇಸಿಗೆಯ ಹೊತ್ತಿಗೆ ಮತ್ತೆ ಚಿಗುರಿ ಊಟದ ತಟ್ಟೆಯಗಲದ ಹೂ ಬಿಡುತ್ತದೆ. ದಕ್ಷಿಣ ಕೊರಿಯಾದ ರಾಷ್ಟ್ರೀಯ ಪುಷ್ಪವಾದ ಹಿಬಿಸ್ಕಸ್ ಸಿರಿಯಾಕಸ್ ಎಲೆ ಉದುರಿಸಿಕೊಂಡು ಹಿಮದ ಚಳಿಯನ್ನು ಕಳೆಯುತ್ತದೆ. ನಮ್ಮ ಕೆಂಪು ದಾಸವಾಳಕ್ಕೆ ಆ ಶಕ್ತಿಯಿಲ್ಲ, ಹಿಮ ಬಿದ್ದರೆ ಸಾಯುತ್ತದೆ. ರಾಯಚೂರು ಸೀಮೆಯಲ್ಲಿ ಹಿಮದ ಭಯವೇ ಇಲ್ಲದ್ದರಿಂದ ಅದು ವರ್ಷವಿಡೀ ಹಸಿರಾಗಿರುತ್ತದೆ. ಇಲ್ಲಿ ಗಿಡದ ಗಟ್ಟಿತನವನ್ನು ಅಳೆಯಬೇಕಾದದ್ದು ಮಣ್ಣು ಮತ್ತು ನೀರಿನಲ್ಲಿ.

ಹೂವಿನ ರಚನೆ

ಒಂಟಿ ಎಸಳಿನ ಹೂವೊಂದನ್ನು ಕೈಯಲ್ಲಿ ಹಿಡಿದು ನೋಡಿದರೆ ಅದರ ಕೆಲಸ ಅರ್ಥವಾಗುತ್ತದೆ. ನಡುವಿನ ಉದ್ದನೆಯ ಕಂಬ ಕೇಸರಗಳ ತೊಟ್ಟುಗಳು ಒಂದಕ್ಕೊಂದು ಕೂಡಿ ಆದ ಕೊಳವೆ. ಅದರ ಮೈಮೇಲೆ ಹಳದಿ ಪರಾಗದ ಚೀಲಗಳು ಸಾಲಾಗಿರುತ್ತವೆ. ಹೆಣ್ಣುಭಾಗವಾದ ಶಲಾಕೆ ಆ ಕೊಳವೆಯ ಒಳಗಿನಿಂದಲೇ ಹಾದು, ತುದಿಯಲ್ಲಿ ಹೊರಬಂದು, ಮಖಮಲ್ಲಿನಂಥ ಐದು ಗುಂಡುಗಳಾಗಿ ಕವಲೊಡೆಯುತ್ತದೆ. ಪರಾಗದ ಕಣಗಳು ದೊಡ್ಡವು. ಬೆರಳಿಗೆ ಮೆತ್ತಿದಾಗ ಬಿಡಿಬಿಡಿಯಾಗಿ ಕಾಣುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದೊಂದರ ಮೈತುಂಬ ಮುಳ್ಳು. ಗಾಳಿಯಲ್ಲಿ ಹಾರಲಾರದಷ್ಟು ತೂಕದ ಈ ಕಣಗಳು ಹಕ್ಕಿ, ಕೀಟಗಳ ಮೈಗೆ ಅಂಟಿಕೊಂಡು ಸಾಗುತ್ತವೆ. ಮಕರಂದ ಎಸಳುಗಳ ಬುಡದಲ್ಲಿರುವುದರಿಂದ ಉದ್ದ ಕೊಕ್ಕಿನ ಸೂರಕ್ಕಿಗಳು ದಾಸವಾಳಕ್ಕೆ ತಪ್ಪದೆ ಬರುತ್ತವೆ.

ಇಷ್ಟಾದರೂ ಅಂಗಳದ ದಾಸವಾಳ ಕಾಯಿ ಕಟ್ಟುವುದು ಅಪರೂಪ. ಶತಮಾನಗಳ ಬೆರಕೆಯಿಂದ ಹುಟ್ಟಿದ ಈ ತಳಿಗಳಲ್ಲಿ ವರ್ಣತಂತುಗಳ ಜೋಡಿಗಳು ಹೆಚ್ಚಾಗಿ, ಬೀಜಕ್ಕೆ ಬೇಕಾದ ಹೊಂದಾಣಿಕೆ ಕೆಟ್ಟಿರುತ್ತದೆ. ಮುದ್ದೆ ದಾಸವಾಳದಲ್ಲಿ ಕೇಸರಗಳೇ ಎಸಳುಗಳಾಗಿ ಮಾರ್ಪಟ್ಟಿರುತ್ತವೆ. ಆದಕಾರಣ ಮನೆಯಲ್ಲಿ ಇದರ ಸಂತಾನ ಬೆಳೆಸುವುದು ಕಾಂಡದ ತುಂಡು, ಗೂಟಿ ಅಥವಾ ಕಸಿಯಿಂದ.

ಎರೆಮಣ್ಣಿನ ಗುಣ

ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಬಗೆಯ ಜೇಡಿ ಹೆಚ್ಚು. ಇದರ ಪದರುಗಳ ನಡುವೆ ನೀರು ಸೇರಿದಾಗ ಮಣ್ಣು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಅಗಲದ ಬಿರುಕು ಬಿಟ್ಟಾಗ ಮಣ್ಣಿನ ಜೊತೆ ಸಣ್ಣ ಬೇರುಗಳೂ ಹರಿಯುತ್ತವೆ. ಮಳೆಗಾಲದಲ್ಲಿ ಅದೇ ಮಣ್ಣು ಉಬ್ಬಿ, ಗಾಳಿಯಾಡುವ ಸಂದುಗಳನ್ನೆಲ್ಲ ಮುಚ್ಚುತ್ತದೆ.

ಬೇರಿಗೆ ನೀರಿನಷ್ಟೇ ಆಮ್ಲಜನಕವೂ ಬೇಕು. ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಆಮ್ಲಜನಕ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಮಣ್ಣಿನ ಸಂದುಗಳಲ್ಲಿ ನೀರು ತುಂಬಿಕೊಂಡೇ ಇದ್ದರೆ ಬೇರು ಉಸಿರುಗಟ್ಟಿ, ನೀರು ಹೀರುವ ಕೆಲಸವನ್ನೇ ನಿಲ್ಲಿಸುತ್ತದೆ. ಆಗ ಎಲೆಗಳು ಜೋತುಬಿದ್ದು ಹಳದಿಯಾಗುತ್ತವೆ, ಮೊಗ್ಗು ಉದುರುತ್ತವೆ. ನೋಡಿದವರು ಗಿಡ ಬಾಯಾರಿದೆ ಎಂದುಕೊಂಡು ಇನ್ನೊಂದು ಕೊಡ ನೀರು ಸುರಿಯುತ್ತಾರೆ. ಹಿತ್ತಲಿನ ದಾಸವಾಳಗಳು ಹೆಚ್ಚಾಗಿ ಸಾಯುವುದು ಹೀಗೆ. ಗಿಡ ಬಾಡಿದಾಗ ನೀರು ಹಾಕುವ ಮೊದಲು ಬುಡದ ಮಣ್ಣನ್ನು ಒಂದು ಗೇಣು ಕೆದಕಿ, ಒಳಗೆ ಹಸಿಯಿದೆಯೇ ಎಂದು ನೋಡುವುದೊಂದೇ ಇದಕ್ಕೆ ಪರಿಹಾರ.

ಆಳವಾದ ಗುಂಡಿ ತೋಡಿ, ಅದರಲ್ಲಿ ಮಸಾರಿ ಮಣ್ಣು, ಗೊಬ್ಬರ ತುಂಬಿ ಸಸಿ ನೆಡುವ ರೂಢಿ ಎರೆನೆಲದಲ್ಲಿ ತಿರುಗುಬಾಣವಾಗುತ್ತದೆ. ಸುತ್ತಲಿನ ಜೇಡಿ ನೀರನ್ನು ಬಸಿಯಲು ಬಿಡದ ಕಾರಣ ಸಡಿಲ ಮಣ್ಣಿನ ಗುಂಡಿ ನೀರು ತುಂಬಿದ ಬೋಗುಣಿಯಂತಾಗಿ ಬೇರು ಅದರಲ್ಲೇ ಕೊಳೆಯುತ್ತದೆ. ಇದರ ಬದಲು ನೆಲದ ಮೇಲೆ ಒಂದರಿಂದ ಒಂದೂವರೆ ಅಡಿ ಎತ್ತರ, ಮೂರಡಿ ಅಗಲದ ದಿಬ್ಬ ಕಟ್ಟಿ ನೆಡಬೇಕು. ದಿಬ್ಬಕ್ಕೆ ಮಸಾರಿ ಮಣ್ಣು, ದಪ್ಪ ಮರಳು ಅಥವಾ ಸಣ್ಣ ಮರಂ, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಈ ಮೂರನ್ನು ಸಮನಾಗಿ ಬೆರೆಸಿ ಹಾಕಿದರೆ ಸಾಕು. ಬೇರು ಮೊದಲು ಗಾಳಿಯಾಡುವ ದಿಬ್ಬದಲ್ಲಿ ಹಬ್ಬಿ, ಆಮೇಲೆ ತನ್ನ ತ್ರಾಣಕ್ಕೆ ತಕ್ಕಂತೆ ಎರೆಗೆ ಇಳಿಯುತ್ತದೆ. ಜಾಗವಿಲ್ಲದವರು ತಳದಲ್ಲಿ ತೂತಿರುವ ಒಂದಡಿ ಅಗಲದ ಮಣ್ಣಿನ ಕುಂಡದಲ್ಲಿ ಇದೇ ಮಿಶ್ರಣ ಬಳಸಬಹುದು.

ಸುಣ್ಣ, ಕಬ್ಬಿಣ, ಹಳದಿ ಎಲೆ

ಎರೆಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚು. ಅದು ಸಾಮಾನ್ಯವಾಗಿ ಕ್ಷಾರಗುಣದ್ದು. ದಾಸವಾಳಕ್ಕೆ ತುಸು ಹುಳಿ ಗುಣದ ಮಣ್ಣು ಹಿತ. ಕ್ಷಾರ ಹೆಚ್ಚಿದಲ್ಲಿ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಅದು ನೀರಿನಲ್ಲಿ ಕರಗದೆ ಬೇರಿಗೆ ಎಟುಕುವುದಿಲ್ಲ. ಕಬ್ಬಿಣವಿಲ್ಲದೆ ಪತ್ರಹರಿತ್ತು ತಯಾರಾಗದು. ಗಿಡದೊಳಗೆ ಕಬ್ಬಿಣ ಹಳೆಯ ಎಲೆಯಿಂದ ಹೊಸದಕ್ಕೆ ಸುಲಭವಾಗಿ ಸಾಗುವುದಿಲ್ಲವಾದ್ದರಿಂದ ಕೊರತೆ ಮೊದಲು ಕಾಣುವುದು ಚಿಗುರಿನಲ್ಲಿ: ಎಲೆ ಹಳದಿಯಾಗಿ, ನರಗಳು ಮಾತ್ರ ಹಸಿರು ಬಲೆಯಂತೆ ಉಳಿಯುತ್ತವೆ. ಕೆಳಗಿನ ಹಳೆಯ ಎಲೆಗಳು ಮೊದಲು ಹಳದಿಯಾದರೆ ಕಾರಣ ಬೇರೆ. ಸಾರಜನಕದ ಕೊರತೆಯೋ, ಬುಡದಲ್ಲಿ ನಿಂತ ನೀರೋ ಇರಬಹುದು.

ಚಿಗುರು ಹಳದಿಯಾದಾಗ ಅನ್ನಭೇದಿಯನ್ನು, ಅಂದರೆ ಫೆರಸ್ ಸಲ್ಫೇಟನ್ನು, ಮಣ್ಣಿಗೆ ಹಾಕಿದರೆ ಸುಣ್ಣದೊಂದಿಗೆ ಸೇರಿ ಬೇಗ ನಿಷ್ಪ್ರಯೋಜಕವಾಗುತ್ತದೆ. ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, ಅರ್ಧ ನಿಂಬೆಹಣ್ಣಿನ ರಸ ಬೆರೆಸಿ ತಂಪು ಹೊತ್ತಿನಲ್ಲಿ ಎಲೆಗಳಿಗೆ ಸಿಂಪಡಿಸುವುದು ಮೇಲು. ಹತ್ತು–ಹದಿನೈದು ದಿನಕ್ಕೊಮ್ಮೆ ಎರಡು ಮೂರು ಸಲ ಸಿಂಪಡಿಸಿದರೆ ಹೊಸ ಎಲೆ ಹಸಿರಾಗಿ ಬರುತ್ತದೆ. ಒಲೆಯ ಬೂದಿಯನ್ನು ಗಿಡದ ಬುಡಕ್ಕೆ ಹಾಕುವ ಅಭ್ಯಾಸ ಎರೆನೆಲದಲ್ಲಿ ಬೇಡ. ಬೂದಿ ಕ್ಷಾರವನ್ನು ಮತ್ತಷ್ಟು ಏರಿಸುತ್ತದೆ. ರಂಜಕದ ಗೊಬ್ಬರ ಅತಿಯಾದರೂ ಕಬ್ಬಿಣದ ಕೊರತೆ ಹೆಚ್ಚುತ್ತದೆ.

ಹುಳಿ–ಕ್ಷಾರಗಳ ವ್ಯತ್ಯಾಸ ತೋರಿಸುವ ಸಾಧನ ದಾಸವಾಳದಲ್ಲೇ ಇದೆ. ಕೆಂಪು ಎಸಳುಗಳ ಬಣ್ಣಕ್ಕೆ ಕಾರಣವಾದ ಆಂಥೋಸಯನಿನ್ ಬಿಸಿನೀರಿಗೆ ಇಳಿಯುತ್ತದೆ. ಆ ರಸಕ್ಕೆ ನಿಂಬೆಹುಳಿ ಹಿಂಡಿದರೆ ಗಾಢ ಗುಲಾಬಿ, ಸುಣ್ಣದ ತಿಳಿ ಬೆರೆಸಿದರೆ ಹಸಿರು. ಮಣ್ಣಿನ ನಿಖರ ಅಳತೆ ಇದರಿಂದ ಸಿಗದು. ಅದಕ್ಕೆ ಮಣ್ಣು ಪರೀಕ್ಷೆಯೇ ಆಗಬೇಕು.

ನೀರು ಮತ್ತು ಬೇಸಿಗೆ

ತುಂಗಭದ್ರಾ ಜಲಾಶಯದ ಕೆಲಸ 1953ರಲ್ಲಿ ಮುಗಿದು, ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರು ಸೀಮೆ ಭತ್ತದ ನಾಡಾಯಿತು. ಅದರೊಂದಿಗೆ ನೀರು ಬಸಿಯದ ಕಡೆ ಸವುಳು–ಜವುಳಿನ ತೊಂದರೆಯೂ ಬಂತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಇಂಥ ಜಮೀನುಗಳ ಸುಧಾರಣೆಯ ಮೇಲೆ ದೀರ್ಘಕಾಲದಿಂದ ಕೆಲಸ ಮಾಡುತ್ತಿದೆ. ಗದ್ದೆಗೆ ತಾಗಿದ ಹಿತ್ತಲಿಗೂ ಇದೇ ಕಷ್ಟ. ಬೇಸಿಗೆಯಲ್ಲಿ ಕಾಲುವೆ ಬಂದಾಗಿ, ಉಪ್ಪಿನಂಶವಿರುವ ಕೊಳವೆಬಾವಿ ನೀರನ್ನೇ ಹಾಕಬೇಕಾಗಿ ಬಂದರೆ ದಾಸವಾಳದ ಎಲೆಯಂಚು ಸುಟ್ಟಂತೆ ಕಂದಾಗುತ್ತದೆ. ದಿನವೂ ಚೂರುಚೂರು ನೀರು ಚಿಮುಕಿಸಿದರೆ ಉಪ್ಪು ಮೇಲ್ಪದರಲ್ಲೇ ಉಳಿಯುತ್ತದೆ. ಬಸಿಯುವ ದಿಬ್ಬಕ್ಕೆ ಎರಡು ಮೂರು ದಿನಕ್ಕೊಮ್ಮೆ ಬೇರಿನಾಳಕ್ಕೆ ಇಳಿಯುವಂತೆ ನೀರು ಕೊಟ್ಟರೆ ಉಪ್ಪು ಕೆಳಗಿಳಿಯುತ್ತದೆ. ತಾರಸಿಯ ಮಳೆನೀರು ಹಿಡಿದಿಟ್ಟುಕೊಂಡವರಿಗೆ ಅದಕ್ಕಿಂತ ಒಳ್ಳೆಯ ನೀರಿಲ್ಲ.

ಮೇ ತಿಂಗಳ ನಡುಹಗಲಲ್ಲಿ ಹಸಿ ಮಣ್ಣಿನಲ್ಲಿದ್ದರೂ ಎಲೆಗಳು ಜೋಲುವುದುಂಟು. ಬೇರು ಹೀರುವುದಕ್ಕಿಂತ ಹೆಚ್ಚು ನೀರು ಎಲೆಯಿಂದ ಆವಿಯಾಗುವುದೇ ಇದಕ್ಕೆ ಕಾರಣ. ಸಂಜೆಗೆ ಎಲೆ ನಿಗುರಿದರೆ ಗಿಡಕ್ಕೆ ತೊಂದರೆಯಿಲ್ಲ. ಬೆಳಿಗ್ಗೆಯೂ ಜೋತಿದ್ದರೆ ಬುಡ ನೋಡಬೇಕು. ಬುಡದ ಸುತ್ತ ನಾಲ್ಕು ಬೆರಳು ದಪ್ಪ ಭತ್ತದ ಹುಲ್ಲು ಹಾಸಿದರೆ ತೇವ ಉಳಿದು ಬಿರುಕು ತಗ್ಗುತ್ತದೆ. ಹುಲ್ಲು ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟಿರಬೇಕು. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಸಿಗುವ ಮನೆಯ ಮೂಡಣ ಮಗ್ಗುಲು ಗಿಡಕ್ಕೆ ತಕ್ಕ ಜಾಗ.

ತುಂಡು ನೆಡುವುದು, ಸವರುವುದು

ಮುಂಗಾರು ಹಿಡಿದ ಮೇಲೆ, ಜೂನ್ ಕೊನೆಯಿಂದ ಆಗಸ್ಟ್‌ವರೆಗೆ, ತುಂಡು ಬೇಗ ಬೇರೂರುತ್ತದೆ. ಪೆನ್ಸಿಲ್ ದಪ್ಪದ, ತೀರ ಎಳೆಯದೂ ತೀರ ಬಲಿತದ್ದೂ ಅಲ್ಲದ ಕೊಂಬೆಯಿಂದ ಒಂದು ಗೇಣುದ್ದ ಕತ್ತರಿಸಬೇಕು. ಕೆಳಗಿನ ಕೊಯ್ತ ಗೆಣ್ಣಿನ ಸ್ವಲ್ಪ ಕೆಳಗಿರಲಿ, ಏಕೆಂದರೆ ಬೇರು ಅಲ್ಲಿಂದ ಸುಲಭವಾಗಿ ಒಡೆಯುತ್ತದೆ. ತುದಿಯ ಎರಡು ಎಲೆ ಬಿಟ್ಟು ಉಳಿದವನ್ನು ತೆಗೆದು, ಮರಳು ಬೆರೆತ ಮಣ್ಣಿನಲ್ಲಿ ನೆರಳಿಗಿಟ್ಟು ತೇವ ಕಾಯ್ದರೆ ನಾಲ್ಕಾರು ವಾರದಲ್ಲಿ ಬೇರು ಬರುತ್ತದೆ. ಕಾಂಡದ ತುಂಡು ಹಿಡಿಯದ ಮಿಶ್ರತಳಿಗಳನ್ನು ನಾಟಿ ಕೆಂಪು ದಾಸವಾಳದ ಬುಡಕ್ಕೆ ಕಸಿ ಕಟ್ಟುತ್ತಾರೆ. ಎರೆನೆಲದ ತೊಂದರೆಗಳನ್ನು ನಾಟಿ ಬೇರು ಹೆಚ್ಚು ಸಹಿಸುತ್ತದೆ.

ಗಿಡ ಸವರಲೂ ಮಳೆ ಶುರುವಾಗುವ ಹೊತ್ತೇ ಸರಿ. ತುದಿ ಕತ್ತರಿಸಿದಾಗ ಅದು ಕೆಳಗಿನ ಮೊಗ್ಗುಗಳನ್ನು ತಡೆದಿಟ್ಟಿದ್ದ ಹಾರ್ಮೋನಿನ ಹಿಡಿತ ಸಡಿಲಿ ಒಂದು ಕೊಂಬೆಯಿಂದ ಎರಡು ಮೂರು ಚಿಗುರು ಒಡೆಯುತ್ತವೆ, ಹೂವೂ ಹೆಚ್ಚುತ್ತದೆ. ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು. ಕಡು ಬೇಸಿಗೆಯಲ್ಲಿ ಸವರಿದರೆ ಕೊಂಬೆಗಳ ತೊಗಟೆ ಬಿಸಿಲಿಗೆ ಸುಡುತ್ತದೆ.

ಹಿಟ್ಟು ತಿಗಣೆ ಮತ್ತು ಅದರ ವೈರಿಗಳು

ದಾಸವಾಳದ ದೊಡ್ಡ ಪೀಡೆ ಹಿಟ್ಟು ತಿಗಣೆ. ಬಿಳಿ ಮೇಣದ ಪುಡಿ ಹೊದ್ದ ಈ ಕೀಟ ಚಿಗುರಿನ ರಸ ಹೀರುತ್ತದೆ. ಚಿಗುರು ಮುರುಟಿ ಗೊಂಚಲಾಗುತ್ತದೆ. ಅದು ಸುರಿಸುವ ಸಿಹಿದ್ರವಕ್ಕೆ ಇರುವೆಗಳು ಕಾವಲು ನಿಲ್ಲುತ್ತವೆ. ದಾಸವಾಳ, ಹತ್ತಿ, ಬೆಂಡೆ ಒಂದೇ ಬಳಗವಾದ್ದರಿಂದ ಹೊಲದ ಹತ್ತಿಯನ್ನು ಕಾಡುವ ತಿಗಣೆಗೆ ಬೆಳೆಯಿಲ್ಲದ ತಿಂಗಳುಗಳಲ್ಲಿ ಹಿತ್ತಲಿನ ದಾಸವಾಳವೇ ಆಸರೆ. ಹೀಗಾಗಿ ಅಂಗಳದ ಗಿಡ ಕಾಯುವುದು ನೆರೆಯ ಹೊಲ ಕಾಯುವ ಕೆಲಸವೂ ಹೌದು. ಬೇಲಿಯಂಚಿನ ಪಾರ್ಥೇನಿಯಂ ಕಿತ್ತರೆ ತಿಗಣೆಯ ಇನ್ನೊಂದು ತಾಣ ಇಲ್ಲವಾಗುತ್ತದೆ.

ಮುರುಟಿದ ತುದಿಗಳನ್ನು ಕತ್ತರಿಸಿ ಸುಡಬೇಕು. ಉಳಿದ ಭಾಗಕ್ಕೆ ಲೀಟರ್ ನೀರಿಗೆ 5 ಮಿಲಿ ಲೀಟರ್ ಬೇವಿನ ಎಣ್ಣೆ, ತುಸು ಸೋಪಿನ ದ್ರಾವಣ ಬೆರೆಸಿ ಸಂಜೆ ಸಿಂಪಡಿಸಬಹುದು. ಸಿಂಪಡಿಸುವ ಮೊದಲು ಕೊಂಬೆಯನ್ನು ಹತ್ತಿರದಿಂದ ನೋಡುವುದು ಅಗತ್ಯ. 1898ರಲ್ಲಿ ಆಸ್ಟ್ರೇಲಿಯಾದಿಂದ ಭಾರತಕ್ಕೆ ತಂದ, ತಿಗಣೆ ತಿನ್ನುವ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿಯೂ ಮೈತುಂಬ ಬಿಳಿ ಮೇಣದ ಎಳೆ ಹೊತ್ತಿರುತ್ತದೆ. ತಿಗಣೆಗಿಂತ ದೊಡ್ಡದಾಗಿದ್ದು, ಚುರುಕಾಗಿ ಓಡಾಡುತ್ತಿದ್ದರೆ ಅದು ಗಿಡದ ಮಿತ್ರ. ತಿಗಣೆಗಳ ನಡುವೆ ಉಬ್ಬಿದ, ಕಂದು ಬಣ್ಣದ, ಗಟ್ಟಿಯಾದ ಹೆಣಗಳಿದ್ದರೆ ಪರತಂತ್ರ ಕಣಜ ಅವುಗಳೊಳಗೆ ಮೊಟ್ಟೆಯಿಟ್ಟಿದೆ ಎಂದರ್ಥ. ಆಗ ಯಾವ ಔಷಧವನ್ನೂ ಹೊಡೆಯದೆ, ಇರುವೆ ಹತ್ತದಂತೆ ಕಾಂಡಕ್ಕೆ ಅಂಟು ಪಟ್ಟಿ ಸುತ್ತಿ ಬಿಟ್ಟರೆ ಉಳಿದ ಕೆಲಸವನ್ನು ಆ ಕಣಜಗಳೇ ಮಾಡುತ್ತವೆ.