ಬರೆದದ್ದು ಉಳಿಯಿತೆ?

ಗದಗ ಜಿಲ್ಲೆಯ ಮುಳಗುಂದದಲ್ಲಿ ಶಕ 824ರ, ಎಂದರೆ ಕ್ರಿ.ಶ. 902ರ ಸುಮಾರಿನ, ಶಾಸನವೊಂದು ದೊರೆತಿದೆ. ರಾಷ್ಟ್ರಕೂಟ ಎರಡನೆಯ ಕೃಷ್ಣನ ಕಾಲದಲ್ಲಿ ಜಿನಾಲಯವೊಂದಕ್ಕೆ ಬಿಟ್ಟ ಭೂಮಿಯ ವಿಷಯ ಅದರಲ್ಲಿದೆ. ಹನ್ನೊಂದು ಶತಮಾನಗಳು ಕಳೆದರೂ ಅದು ಅಳಿದಿಲ್ಲ. ನಮ್ಮ ನಾಡಿನ ಅನೇಕ ಶಾಸನಗಳ ಕೊನೆಯಲ್ಲಿ ಬರೆದವನ ಹೆಸರು ಬೇರೆ, ಕಂಡರಿಸಿದವನ ಹೆಸರು ಬೇರೆ ಇರುವುದನ್ನು ವಾಚಕರು ಗಮನಿಸಿರಬಹುದು. ಪಾಠವನ್ನು ಬರೆಯುವುದು ಒಂದು ಕೆಲಸ. ಅದನ್ನು ಉಳಿಯಿಂದ ಕಲ್ಲಿನಲ್ಲಿ ಕೊರೆಯುವುದು ಇನ್ನೊಂದು. ಎರಡರ ನಡುವೆ ವಿಘ್ನ ಬಂದರೆ ಕಲ್ಲು ಬರಿದೇ ನಿಲ್ಲುತ್ತದೆ.

ಗಣಕಯಂತ್ರದಲ್ಲಿಯೂ ಇವು ಎರಡು ಬೇರೆ ಕೆಲಸಗಳೇ. ಯಂತ್ರವು ‘ಬರೆದಾಯಿತು’ ಎಂದು ತಿಳಿಸುವ ಹೊತ್ತಿಗೆ ಕಂಡರಿಸುವ ಕೆಲಸ ಆರಂಭವೇ ಆಗಿಲ್ಲದಿರಬಹುದು. ಇದರಿಂದ ಆಗುವ ನಷ್ಟ ಎಷ್ಟೆಂಬುದನ್ನು ಒಂದು ಲೆಕ್ಕದಿಂದ ನೋಡೋಣ.

ಮುಳಗುಂದದ ಶಾಲೆಯೊಂದರ ಮಾಳಿಗೆಯ ಮೇಲೆ ವಿದ್ಯಾರ್ಥಿಗಳು ಮಳೆಮಾಪಕವನ್ನು ಇಟ್ಟಿದ್ದಾರೆಂದು ಭಾವಿಸಿರಿ. ಅದಕ್ಕೆ ಅಂಗೈಯಗಲದ ಗಣಕವೊಂದನ್ನು ಜೋಡಿಸಿದ್ದಾರೆ. ಪೈಥಾನ್ ಭಾಷೆಯಲ್ಲಿ ಬರೆದ ಸಣ್ಣ ಸ್ಕ್ರಿಪ್ಟೊಂದು 15 ನಿಮಿಷಗಳಿಗೊಮ್ಮೆ ದಿನಾಂಕ, ವೇಳೆ, ಮಳೆಯ ಪ್ರಮಾಣ ಇವನ್ನು ಲಾಗ್ ಕಡತಕ್ಕೆ ಒಂದು ಸಾಲಾಗಿ ಸೇರಿಸುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ನಾಡಿನ ಉದ್ದಗಲಕ್ಕೂ ನೆಟ್ಟಿರುವ ದೂರಮಾಪಕಗಳು ಮಾಹಿತಿ ಕಳುಹಿಸುವ ಅವಧಿಯೂ 15 ನಿಮಿಷವೇ. ಮಳೆಯ ಅಂಕಿಗಳು ಹುಡುಗಾಟದ ವಸ್ತುವಲ್ಲ; ಹವಾಮಾನಾಧಾರಿತ ಬೆಳೆವಿಮೆಯಲ್ಲಿ ರೈತನ ಪರಿಹಾರವೇ ಇಂತಹ ಅಂಕಿಗಳ ಮೇಲೆ ನಿಂತಿರುತ್ತದೆ.

ನಮ್ಮ ಸಾಲು ಒಂದಕ್ಕೆ 40 ಬೈಟು ಎಂದುಕೊಳ್ಳೋಣ. ಸ್ಕ್ರಿಪ್ಟು ಆ ಸಾಲನ್ನು ನೇರವಾಗಿ ಕಡತಕ್ಕೆ ಹಾಕುವುದಿಲ್ಲ. ತನ್ನದೇ ಸ್ಮೃತಿಯಲ್ಲಿ ಬಫರ್ ಎಂಬ ತಾತ್ಕಾಲಿಕ ಉಗ್ರಾಣವನ್ನು ಇಟ್ಟುಕೊಂಡು, ಅದು ತುಂಬುವವರೆಗೆ ಸಾಲುಗಳನ್ನು ಕೂಡಿಡುತ್ತದೆ. ಪೈಥಾನಿನ ಹಲವು ಆವೃತ್ತಿಗಳಲ್ಲಿ ಇದರ ಗಾತ್ರ 8,192 ಬೈಟು. ಇದರಲ್ಲಿ 204 ಸಾಲುಗಳು ಹಿಡಿಯುತ್ತವೆ. ಗಂಟೆಗೆ ನಾಲ್ಕು ಸಾಲಿನಂತೆ ಎಣಿಸಿದರೆ 51 ಗಂಟೆ! ಎರಡು ದಿನಗಳಿಗೂ ಮಿಕ್ಕಿದ ಮಳೆಯ ಲೆಕ್ಕವು ಕಡತಕ್ಕೆ ಸೇರದೆ ಗಾಳಿಯಲ್ಲಿ ತೂಗಾಡುತ್ತಿರಬಹುದು. ಗುಡುಗು ಮಿಂಚುಗಳೊಡನೆ ಮಳೆ ಬಿದ್ದಾಗಲೇ ವಿದ್ಯುತ್ತು ಹೋಗುವುದು ನಮ್ಮ ಕಡೆ ಹೊಸದಲ್ಲವಷ್ಟೆ. ಆದುದರಿಂದ ಯಾವ ಮಳೆಯನ್ನು ಅಳೆಯಲೆಂದು ಯಂತ್ರವನ್ನು ಇಟ್ಟರೋ ಆ ಮಳೆಯ ಸಾಲುಗಳೇ ಮೊದಲು ನಾಶವಾಗುತ್ತವೆ. ಪ್ರೋಗ್ರಾಂ ಕೆಟ್ಟು ನಿಂತಾಗಲೂ ಕಥೆ ಇದೇ: ಕೆಡುವುದಕ್ಕೆ ಮುಂಚಿನ ಕೊನೆಯ ಸಾಲು ಬೇಕು, ಅದೇ ಸಿಕ್ಕುವುದಿಲ್ಲ.

ಇಂತಹ ಏರ್ಪಾಟನ್ನು ಮಾಡಿದವರು ಅವಿವೇಕಿಗಳೇನಲ್ಲ. ಒಂದೊಂದು ಚೀಲ ಹೆಸರುಕಾಳಿಗೂ ಒಂದೊಂದು ಸಲ ಚಕ್ಕಡಿ ಹೂಡಿ ಗದಗಿನ ಪೇಟೆಗೆ ಹೋಗುವ ಒಕ್ಕಲಿಗನಿಲ್ಲ. ಡಿಸ್ಕಿನ ಪ್ರಯಾಣವೂ ದುಬಾರಿಯಾದುದು. ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆಗೆ ಒಂದು ಸುತ್ತು ಮುಗಿಸಲು 1/120 ಸೆಕೆಂಡು ಬೇಕು. ಪ್ರತಿ ಸಾಲಿಗೂ ಬರೆಹ ಮುಗಿಯುವವರೆಗೆ ಕಾದರೆ ಸೆಕೆಂಡಿಗೆ 120 ಸಾಲುಗಳ ಆಸುಪಾಸಿನಲ್ಲಿ ನಿಲ್ಲಬೇಕಾಗುತ್ತದೆ. ಸಾವಿರಾರು ಸಾಲು ಬರೆಯುವ ಪ್ರೋಗ್ರಾಮಿಗೆ ಇದು ಹೊರೆ. ನಮ್ಮ ಮಳೆಮಾಪಕಕ್ಕಾದರೋ ದಿನಕ್ಕೆ 96 ಸಾಲು ಮಾತ್ರ! ಇಲ್ಲಿ ಮಿತವ್ಯಯದ ಅಗತ್ಯವೇ ಇಲ್ಲ.

ಹೊಸಬರು ಮೋಸಹೋಗುವ ಸ್ಥಳ ಬೇರೊಂದುಂಟು. ಅಕ್ಷರಗಳು ಪರದೆಗೆ ಹೋಗುವಾಗ ಬಫರು ಪ್ರತಿ ಸಾಲಿನ ಕೊನೆಗೂ ಬರಿದಾಗುತ್ತದೆ; ಅದೇ ಅಕ್ಷರಗಳನ್ನು ಕಡತಕ್ಕೆ ತಿರುಗಿಸಿದರೆ ತುಂಬುವವರೆಗೆ ಕಾಯುತ್ತದೆ. ಪರದೆಯ ಮೇಲೆ ಪರೀಕ್ಷಿಸಿ ‘ಎಲ್ಲ ಸರಿಯಾಗಿದೆ’ ಎಂದು ತೃಪ್ತಿಪಟ್ಟವನು ಕಡತವನ್ನು ತೆರೆದಾಗ ಬೆರಗಾಗುತ್ತಾನೆ.

ಪರಿಹಾರದ ಮೊದಲ ಹೆಜ್ಜೆ ‘ಫ್ಲಷ್’ ಎಂಬ ಆಜ್ಞೆ. ಪ್ರತಿ ಸಾಲನ್ನು ಬರೆದೊಡನೆ ಇದನ್ನು ಕೊಟ್ಟರೆ ಉಗ್ರಾಣ ಬರಿದಾಗುತ್ತದೆ. ಆದರೆ ಸರಕು ಡಿಸ್ಕಿಗೆ ಹೋಗುವುದಿಲ್ಲ; ಲಿನಕ್ಸಿನಂತಹ ಕಾರ್ಯಾಚರಣ ವ್ಯವಸ್ಥೆಯ ಕೈಗೆ ಹೋಗುತ್ತದೆ. ಆ ವ್ಯವಸ್ಥೆಗೂ ಸ್ಮೃತಿಯಲ್ಲಿ ತನ್ನದೊಂದು ಉಗ್ರಾಣವಿದೆ. ಸ್ಕ್ರಿಪ್ಟು ಸತ್ತರೆ ಅಲ್ಲಿರುವುದು ಸುರಕ್ಷಿತ. ವಿದ್ಯುತ್ತು ಹೋದರೆ ಅಲ್ಲ. ಲಿನಕ್ಸಿನ ಸಾಮಾನ್ಯ ಏರ್ಪಾಟಿನಲ್ಲಿ ಬರೆಹವು ಅಲ್ಲಿ 30 ಸೆಕೆಂಡಿನಷ್ಟು ಕಾಲ ಕುಳಿತಿರಬಹುದು. ಕಡತವನ್ನು ಪ್ರತಿ ಸಲ ತೆರೆದು ಮುಚ್ಚಿದರೆ ಸಾಕೆಂಬ ನಂಬಿಕೆ ಹಲವರಲ್ಲಿದೆ. ಮುಚ್ಚಿದರೂ ಸಾಲು ಈ ಎರಡನೆಯ ಉಗ್ರಾಣದವರೆಗೆ ಮಾತ್ರ ಬರುತ್ತದೆ.

ಕಂಡರಿಸುವ ಆಜ್ಞೆಯ ಹೆಸರು ‘ಎಫ್‌ಸಿಂಕ್’. ಫ್ಲಷ್ ಆದ ಮೇಲೆ ಇದನ್ನು ಕೊಡಬೇಕು. ಮೊದಲೇ ಕೊಟ್ಟರೆ ಸ್ಕ್ರಿಪ್ಟಿನ ಉಗ್ರಾಣದಲ್ಲಿರುವುದು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಈ ಆಜ್ಞೆಯಾದಾಗ ವ್ಯವಸ್ಥೆಯು ಆ ಕಡತದ ಬರೆಹವನ್ನೆಲ್ಲ ಡಿಸ್ಕಿಗೆ ಒಪ್ಪಿಸಿ, ಮುಗಿಯಿತೆಂಬ ಉತ್ತರ ಬರುವವರೆಗೆ ಸ್ಕ್ರಿಪ್ಟನ್ನು ನಿಲ್ಲಿಸಿಕೊಳ್ಳುತ್ತದೆ. ಡಿಸ್ಕಿನೊಳಗೂ ಮೂರನೆಯದೊಂದು ಪುಟ್ಟ ಸ್ಮೃತಿಯಿರುವುದುಂಟು. ಒಳ್ಳೆಯ ಡಿಸ್ಕುಗಳು ಅದನ್ನೂ ಬರಿದುಮಾಡಿಯೇ ಉತ್ತರಿಸುತ್ತವೆ.

ಕುತೂಹಲವುಳ್ಳವರು ಮನೆಯಲ್ಲಿಯೇ ಪರೀಕ್ಷಿಸಬಹುದು. ಇದಕ್ಕಾಗಿ ಗಣಕದ ವಿದ್ಯುತ್ತನ್ನು ಕೀಳಬೇಡಿರಿ. ಅದರಿಂದ ಬೇರೆ ಕಡತಗಳು ಕೆಟ್ಟಾವು. ಸೆಕೆಂಡಿಗೊಂದರಂತೆ 100 ಚಿಕ್ಕ ಸಾಲುಗಳನ್ನು ಕಡತಕ್ಕೆ ಬರೆಯುವ ಪೈಥಾನ್ ಸ್ಕ್ರಿಪ್ಟನ್ನು ಲಿನಕ್ಸಿನಲ್ಲಿ ಓಡಿಸಿ, ಐವತ್ತನೆಯ ಸಾಲಿನ ಹೊತ್ತಿಗೆ ‘ಕಿಲ್ -9’ ಆಜ್ಞೆಯಿಂದ ಅದನ್ನು ಕೊಲ್ಲಿರಿ. ಕಡತವೇನೋ ಹುಟ್ಟಿರುತ್ತದೆ, ಅದರ ಗಾತ್ರ ಸೊನ್ನೆ ಬೈಟು. ಬರೆಯುವ ಸಾಲಿನ ಕೆಳಗೆ ಫ್ಲಷ್ ಸೇರಿಸಿ ಮತ್ತೊಮ್ಮೆ ಓಡಿಸಿ, ಅದೇ ಹೊತ್ತಿಗೆ ಕೊಂದು, ಸಾಲುಗಳನ್ನು ಎಣಿಸಿರಿ. ಐವತ್ತೂ ಅಲ್ಲಿರುತ್ತವೆ.