ಓದು ಕಂದ, ಫೋನು ಕೇಳುತ್ತಿದೆ!

ಫೋನಿಗೆ ಕಿವಿ ಬಂದಿದೆ! ಮಗು ಪರದೆಯ ಮೇಲಿನ ಕತೆಯನ್ನು ಗಟ್ಟಿಯಾಗಿ ಓದುತ್ತಿದ್ದರೆ ಅದು ಪದಪದವನ್ನೂ ಆಲಿಸುತ್ತದೆ. ಸರಿ ಓದಿದರೆ ಹುರಿದುಂಬಿಸುತ್ತದೆ, ತಡವರಿಸಿದರೆ ತಾನೇ ಹೇಳಿಕೊಡುತ್ತದೆ. 2019ರ ಮಾರ್ಚ್‌ನಲ್ಲಿ ಗೂಗಲ್ ಇಂಥ ಆ್ಯಪನ್ನು ‘ಬೋಲೋ’ ಎಂಬ ಹೆಸರಿನಲ್ಲಿ ಮೊದಲು ಬಿಟ್ಟದ್ದು ನಮ್ಮ ದೇಶದಲ್ಲೇ, ಹಿಂದಿ ಮತ್ತು ಇಂಗ್ಲಿಷ್ ಓದಿಗಾಗಿ. ಅದಕ್ಕೂ ಮುಂಚೆ ಉತ್ತರ ಪ್ರದೇಶದ ಸುಮಾರು 200 ಹಳ್ಳಿಗಳಲ್ಲಿ ಪ್ರಯೋಗ ನಡೆದಿತ್ತು. ಮೂರೇ ತಿಂಗಳಲ್ಲಿ 64% ಮಕ್ಕಳ ಓದು ಸುಧಾರಿಸಿತೆಂದು ಕಂಪನಿ ಹೇಳಿತು. ಆ ಆ್ಯಪ್ ನೆಟ್‌ವರ್ಕ್ ಇಲ್ಲದ ಊರಲ್ಲೂ ನಡೆಯುತ್ತದೆ, ಮಗುವಿನ ದನಿ ಫೋನು ಬಿಟ್ಟು ಹೋಗುವುದಿಲ್ಲ!

ಈ ಕನಸಿಗೆ ಮೂವತ್ತು ವರ್ಷ ದಾಟಿದೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಜಾಕ್ ಮೋಸ್ಟೋ 1990ರ ದಶಕದಲ್ಲೇ ಮಕ್ಕಳ ಓದು ಕೇಳುವ ಕಂಪ್ಯೂಟರ್ ಕಟ್ಟಿದರು. ಅಲ್ಲಿ ಮಾತು ಗುರುತಿಸುವ ವಿದ್ಯೆ ಬೆಳೆಸಿದ ರಾಜ್ ರೆಡ್ಡಿ ಯಾರು ಗೊತ್ತೇ? ನಮ್ಮ ನೆರೆಯ ಆಂಧ್ರದ ಚಿತ್ತೂರು ಜಿಲ್ಲೆಯ ಹಳ್ಳಿಯಲ್ಲಿ ಹುಟ್ಟಿದವರು, 1994ರ ಟ್ಯೂರಿಂಗ್ ಪ್ರಶಸ್ತಿ ಪಡೆದವರು!

ಯಂತ್ರ ಕೇಳುವುದಾದರೂ ಹೇಗೆ? ಒಂದು ಸೆಕೆಂಡಿನ ದನಿಯನ್ನು ನೂರರಷ್ಟು ಚೂರು ಮಾಡಿ, ಪ್ರತಿ ಚೂರಿನಲ್ಲೂ ಯಾವ ಉಲಿ ಇದ್ದೀತೆಂದು ಅಂದಾಜಿಸುತ್ತದೆ. ಎದುರಿಗಿರುವ ಪಾಠ ಅದಕ್ಕೆ ಮೊದಲೇ ಗೊತ್ತು. ಹಾಗಾಗಿ ಆ ಅಂದಾಜನ್ನು ಪಾಠದ ಪದಗಳ ಜೊತೆ ಹೊಂದಿಸಿ ನೋಡಿದರಾಯಿತು. ಯಾವ ಪದ ಬಿಟ್ಟುಹೋಯಿತು, ಯಾವ ಒತ್ತಕ್ಷರದ ಮುಂದೆ ಮಗು ಎಷ್ಟು ಹೊತ್ತು ನಿಂತಿತು, ಎಲ್ಲವೂ ಲೆಕ್ಕಕ್ಕೆ ಸಿಗುತ್ತದೆ. ನಲವತ್ತು ಮಕ್ಕಳಿರುವ ತರಗತಿಯಲ್ಲಿ ಒಬ್ಬೊಬ್ಬರ ಓದನ್ನೂ ಐದೈದು ನಿಮಿಷ ಕೇಳಲು ಟೀಚರಿಗೆ ಮೂರು ತಾಸಿಗೂ ಮಿಕ್ಕಿ ಬೇಕು. ಎಲ್ಲಿಂದ ತರಬೇಕು ಆ ಹೊತ್ತನ್ನು?

ಈಗ ಕನ್ನಡದ ಓದು ಕೇಳುವ ಇಂಥ ಫೋನನ್ನು ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಮಕ್ಕಳ ಮುಂದಿಟ್ಟು ಯೋಚಿಸಿ. ಪುಸ್ತಕದಲ್ಲಿ ‘ಮನೆ’ ಎಂದಿದೆ, ಹುಡುಗಿ ‘ಮನಿ’ ಅನ್ನುತ್ತಾಳೆ. ‘ಶಾಲೆ’ ಎಂದಿದ್ದರೆ ‘ಸಾಲಿ’. ಊರಿನ ಟೀಚರ್ ‘ಛಲೋ ಓದ್ದಿ ನೋಡವ್ವ’ ಎಂದು ಬೆನ್ನು ತಟ್ಟುತ್ತಾರೆ. ಮೈಸೂರು ಸೀಮೆಯ ಕನ್ನಡವನ್ನಷ್ಟೇ ಕೇಳಿ ಬೆಳೆದ ಯಂತ್ರವಾದರೆ ತಪ್ಪು ಎಂದೀತು! ಓದಲು ಬರುವ ಮಗುವಿಗೆ ಓದು ಬಾರದು ಅನ್ನುವುದಕ್ಕಿಂತ ದೊಡ್ಡ ಅನ್ಯಾಯ ಇನ್ನೇನಿದೆ?

ಊರೂರಿಗೆ ಕನ್ನಡ ಬೇರೆ ಎಂಬುದನ್ನು ಕಂಡುಕೊಂಡವರು ಯಾವ ಕಾಲದವರು ಅಂತೀರಿ! ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ದಂಡೆಯ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದ ಶ್ರೀವಿಜಯ ‘ಕವಿರಾಜಮಾರ್ಗ’ದಲ್ಲಿ, ನಾಡಿನ ಕನ್ನಡಗಳು ಎಷ್ಟು ಬಗೆಬಗೆ ಎಂದರೆ ಅವುಗಳ ದೋಷ ಅರಿಯಲು ಹೊರಟರೆ ಸರ್ಪರಾಜ ವಾಸುಕಿಯೂ ಬೇಸತ್ತಾನು ಎಂದುಬಿಟ್ಟ. ಇಂದಿನ ಎಂಜಿನಿಯರನ ಪಾಡನ್ನು ಅಂದೇ ಬರೆದಿಟ್ಟಂತಿದೆ!

ವಾಸುಕಿಗೆ ಆಗದ ಕೆಲಸಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಕೈಹಾಕಿದೆ. 2022ರಲ್ಲಿ ಸಂಸ್ಥೆ, ಅದರ ಯಂತ್ರಬುದ್ಧಿ-ರೋಬಾಟ್ ಕೇಂದ್ರವಾದ ಆರ್ಟ್‌ಪಾರ್ಕ್ ಮತ್ತು ಗೂಗಲ್ ಕೂಡಿ ‘ವಾಣಿ’ ಎಂಬ ಯೋಜನೆ ಸಾರಿದವು. ಜನರಿಗೆ ಚಿತ್ರ ತೋರಿಸಿ, ಕಂಡದ್ದನ್ನು ತಮ್ಮ ಮಾತಿನಲ್ಲೇ ಹೇಳಿಸಿ, ಜಿಲ್ಲೆ ಜಿಲ್ಲೆಯ ದನಿಯನ್ನು ದಾಖಲಿಸಿ ಎಲ್ಲರಿಗೂ ಮುಕ್ತವಾಗಿ ಕೊಡುವ ಕೆಲಸ ಅದು. ಮೊದಲ ಹಂತದ 80 ಜಿಲ್ಲೆಗಳಲ್ಲಿ ನಮ್ಮ ಕಲಬುರಗಿಯೂ ಇದೆ! ಇಲ್ಲಿನವರ ಮಾತು ಈಗ ಜಗತ್ತಿನ ಯಾವ ಎಂಜಿನಿಯರಿಗಾದರೂ ಸಿಗುತ್ತದೆ.

ಆದರೆ ದೊಡ್ಡವರ ದನಿ ಕಲಿತ ಯಂತ್ರ ಮಕ್ಕಳ ಮುಂದೆ ಎಡವುತ್ತದೆ. ಎಳೆಯರ ಗಂಟಲು ಚಿಕ್ಕದು, ದನಿ ತೀಕ್ಷ್ಣ. ಅದರ ಮೇಲೆ ಚಿಂಚೋಳಿ ಸೀಮೆಯ ತಾಂಡಾದ ಹುಡುಗನ ಮನೆಮಾತು ಲಂಬಾಣಿ, ಸೇಡಂ ಗಡಿಯ ಹುಡುಗಿಗೆ ತೆಲುಗು, ಶಹಾಬಾದಿನ ಗಲ್ಲಿಯಲ್ಲಿ ಉರ್ದು. ಇವರೆಲ್ಲ ಕನ್ನಡ ಪಾಠ ಓದುವುದನ್ನೇ ಹೆತ್ತವರ ಒಪ್ಪಿಗೆ ಪಡೆದು ದಾಖಲಿಸಬೇಕು. ಯಾವುದು ತಪ್ಪು, ಯಾವುದು ಊರಿನ ಉಚ್ಚಾರ ಎಂದು ಗುರುತು ಹಾಕುವ ಕೆಲಸ ಇಲ್ಲಿನ ಟೀಚರುಗಳದ್ದೇ ಆಗಬೇಕು, ಅದಕ್ಕೆ ತಕ್ಕ ಸಂಬಳವೂ ಅವರಿಗೆ ಸಿಗಬೇಕು.